ಬಳ್ಳಾರಿ–ಬೆಂಗಳೂರು 250 ಕಿ.ಮೀ. ಅಂತ ನಂಬಿ ವಿಮಾನ ತಪ್ಪಿಸಿಕೊಳ್ಳಬೇಡಿ

ಬಳ್ಳಾರಿಯ ಒಂದು ಕುಟುಂಬಕ್ಕೆ ಈಚೆಗೆ ದುಬೈ ವಿಮಾನ ತಪ್ಪಿತು, ಟಿಕೆಟ್ ದುಡ್ಡೂ ಹೋಯಿತು. ದೂರ ಲೆಕ್ಕ ಹಾಕುವ ಜಾಲತಾಣವೊಂದು ಬೆಂಗಳೂರಿಗೆ 250 ಕಿ.ಮೀ. ಎಂದು ತೋರಿಸಿತ್ತು. ತಾಸಿಗೆ 70ರಂತೆ ಮೂರೂವರೆ ತಾಸು ಸಾಕೆಂದು ಕಾರು ಹತ್ತಿದರು. ಬೆಂಗಳೂರಿನ ಹೆಬ್ಬಾಳ ದಾಟುವಷ್ಟರಲ್ಲೇ ಚೆಕ್‌-ಇನ್ ಮುಗಿದಿತ್ತು.

ಆ 250 ಸುಳ್ಳಲ್ಲ. ಆದರೆ ಅದು ಎರಡು ಊರುಗಳ ಅಕ್ಷಾಂಶ, ರೇಖಾಂಶ ಹಿಡಿದು ನೇರ ಎಳೆದ ಗೆರೆಯ ಉದ್ದ. ಹಕ್ಕಿ ಹಾರುವ ದಾರಿ. ಗೂಗಲ್ ಮ್ಯಾಪ್‌ನ 'ಮೆಷರ್ ಡಿಸ್ಟೆನ್ಸ್' ಕೊಡುವುದೂ ಅದನ್ನೇ. ಚಳ್ಳಕೆರೆ, ಹಿರಿಯೂರು, ತುಮಕೂರು ಮೇಲೆ ಹೋದರೆ ಬೆಂಗಳೂರಿಗೇ ಸುಮಾರು 310 ಕಿ.ಮೀ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಮತ್ತೆ 35. ಅದೇ ಅನಂತಪುರ, ಪೆನುಕೊಂಡ, ಚಿಕ್ಕಬಳ್ಳಾಪುರ ದಾರಿ ಹಿಡಿದರೆ ನಿಲ್ದಾಣ ಊರಿಗಿಂತ ಮೊದಲೇ ಸಿಗುತ್ತದೆ, ಸುಮಾರು 280ರಲ್ಲಿ ಮುಗಿಯುತ್ತದೆ. ತುಮಕೂರು ದಾರಿಯಲ್ಲೇ ಹೋಗಬೇಕೆಂದರೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಹೋಗಿ, ಹೆಬ್ಬಾಳದ ಗೋಜಿಲ್ಲ.

ನೇರ ಗೆರೆಗೆ ಇಷ್ಟು ಶೇಕಡಾ ಸೇರಿಸಿದರಾಯಿತು ಅನ್ನುವವರ ಮಾತೂ ಬೇಡ. ರಾಯಚೂರಿನಿಂದ ಹೈದರಾಬಾದಿನ ಶಂಶಾಬಾದ್ ನಿಲ್ದಾಣಕ್ಕೆ ಗೆರೆ 160 ಕಿ.ಮೀ., ಮಹಬೂಬ್‌ನಗರದ ರಸ್ತೆಯಲ್ಲಿ 190ರ ಆಸುಪಾಸು. ಕೊಪ್ಪಳ–ಹುಬ್ಬಳ್ಳಿ ರಸ್ತೆ ಬಹುಪಾಲು ನೇರ, ವ್ಯತ್ಯಾಸ ಕಡಿಮೆ. ಆದರೆ ಹುಬ್ಬಳ್ಳಿಯ ವಿಮಾನ ನಿಲ್ದಾಣ ಊರಾಚೆ ಗೋಕುಲ ರಸ್ತೆಯಲ್ಲಿದೆ. ಹಾಗಾಗಿ ಮ್ಯಾಪ್‌ನಲ್ಲಿ ಊರಿನ ಹೆಸರಲ್ಲ, ಟರ್ಮಿನಲ್ ಹೆಸರು ಹಾಕಿ. ಬೆಂಗಳೂರಿನಲ್ಲಿ ವಿದೇಶದ ವಿಮಾನಗಳಿಗೆ ಟರ್ಮಿನಲ್ 2.

ಹಾರಾಟದ ಸಮಯದ್ದೂ ಇದೇ ಕಥೆ. ಈ ತಾಣಗಳು ವಿಮಾನದ ವೇಗ ತಾಸಿಗೆ 800 ಕಿ.ಮೀ. ಅಥವಾ 850 ಎಂದು ಹಿಡಿದು ದೂರವನ್ನು ಅದರಿಂದ ಭಾಗಿಸುತ್ತವೆ. ಹಾಗೆ 800ರ ಲೆಕ್ಕದಲ್ಲಿ 250 ಕಿ.ಮೀ.ಗೆ 19 ನಿಮಿಷ ಬರುತ್ತದೆ. ಸಣ್ಣ ಊರುಗಳಿಗೆ ಓಡಾಡುವ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನದ ವೇಗ ತಾಸಿಗೆ 500ರ ಸುಮಾರು, ಅದೂ ಮೇಲೇರಿದ ಮೇಲೆ. ರನ್‌ವೇವರೆಗಿನ ಓಟ, ಏರುವುದು, ಸರದಿಗೆ ಕಾಯುವುದು, ಇಳಿಯುವುದು ಸೇರಿದರೆ ಹೆಚ್ಚುಕಡಿಮೆ ಒಂದು ತಾಸು. ಟಿಕೆಟ್‌ನಲ್ಲಿರುವುದು ಈ ಪೂರ್ತಿ ಸಮಯ, ಅದನ್ನೇ ನಂಬಿ. ಇನ್ನೊಂದು, 'ಬಳ್ಳಾರಿ' ಎಂದು ಹುಡುಕಿದಾಗ ಬಿಇಪಿ ಎಂಬ ಕೋಡ್ ಬಂದರೆ ಅದು ಹಳೆಯ ನಿಲ್ದಾಣ. ಪ್ರಯಾಣಿಕರ ವಿಮಾನಕ್ಕೆ ನೋಡಬೇಕಾದ್ದು ತೋರಣಗಲ್ಲಿನ ವಿದ್ಯಾನಗರ, ಕೋಡ್ ವಿಡಿವೈ. ಬಳ್ಳಾರಿಯಿಂದ ಸುಮಾರು 35 ಕಿ.ಮೀ.

ದುಬೈ ಟಿಕೆಟ್‌ನಲ್ಲಿ ಹೊರಡುವುದು 10:00, ತಲುಪುವುದು 12:30 ಎಂದಿದ್ದರೆ ಪಯಣ ಎರಡೂವರೆ ತಾಸಲ್ಲ, ನಾಲ್ಕು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದಿದೆ, ಟಿಕೆಟ್ ಆಯಾ ಊರಿನ ಸಮಯ ತೋರಿಸುತ್ತದೆ.

ಲೆಕ್ಕವನ್ನು ಹಿಂದಿನಿಂದ ಹಾಕಿ. ವಿದೇಶದ ವಿಮಾನಕ್ಕೆ ಮೂರು ತಾಸು ಮೊದಲು ಅಲ್ಲಿರಬೇಕು, ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ. ರಸ್ತೆಗೆ ಐದೂವರೆ ತಾಸು, ಪಂಕ್ಚರ್, ಊಟ, ಟೋಲ್‌ಗೆ ಇನ್ನೊಂದು ತಾಸು ಹಿಡಿಯಿರಿ. 15ನೇ ತಾರೀಕು 00:40ರ ವಿಮಾನವೆಂದರೆ 14ರ ಮಧ್ಯಾಹ್ನ ಮೂರಕ್ಕೇ ಬಳ್ಳಾರಿ ಬಿಡಬೇಕು.