ಧರಣಿಯ ಟ್ರ್ಯಾಕ್ಟರ್ ಮೇಲೆ ರಾಕ್ ಹಾಡುವವರಿಗೆ: ಶ್ಯೂರ್ ಎಸ್‌ಎಂ58 ಮೈಕ್

ಹಾಡೂ ಚೆನ್ನಾಗಿರಬೇಕು, ಬೇಡಿಕೆಯೂ ಜನರ ಕಿವಿಗೆ ಬೀಳಬೇಕು ಎನ್ನುವ ರಾಕ್ ತಂಡ ಮೊದಲು ರೊಕ್ಕ ಹಾಕಬೇಕಾದದ್ದು ಗಿಟಾರ್ ಪೆಡಲ್‌ಗೆ ಅಲ್ಲ, ಮೈಕಿಗೆ. ಕಲಬುರಗಿಯ ಜಗತ್ ವೃತ್ತದಲ್ಲಿ ತೊಗರಿ ಬೆಲೆಯ ಬಗ್ಗೆ ಹಾಡುವಾಗ ‘ತೊಗರಿ’ ಎಂಬ ಪದವೇ ಡ್ರಮ್ಮಿನಲ್ಲಿ ಮುಳುಗಿದರೆ ರೈತರಿಗೆ ಉಳಿಯುವುದು ಗದ್ದಲ ಮಾತ್ರ. ನಮ್ಮ ಕಡೆಯ ತತ್ವಪದಕಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಡಕೋಳ ಮಡಿವಾಳಪ್ಪನವರ ಪದ ಹಾಡುವಾಗ ಏಕತಾರಿ, ದಮ್ಮಡಿ ಎಂದೂ ಮಾತಿನ ಮೇಲೆ ಏರುವುದಿಲ್ಲ.

ಮಾತು ಮುಳುಗದಂತೆ ಕಾಯುವ ಇಂಥ ಮೈಕ್ ಶ್ಯೂರ್ ಕಂಪನಿಯ ಎಸ್‌ಎಂ58, ಮಾರುಕಟ್ಟೆಗೆ ಬಂದದ್ದು 1966ರಲ್ಲಿ. ಡೈನಾಮಿಕ್ ಮೈಕ್ ಆದ್ದರಿಂದ ಫ್ಯಾಂಟಮ್ ಪವರ್, ಅಂದರೆ ಮಿಕ್ಸರಿನಿಂದ ಮೈಕಿಗೆ ಹರಿಸುವ ವಿದ್ಯುತ್, ಬೇಕಿಲ್ಲ. ದನಿಯ ಕಂಪನವನ್ನು 50ರಿಂದ 15,000 ಹರ್ಟ್ಸ್‌ವರೆಗೆ ಹಿಡಿಯುತ್ತದೆ. 2,000 ದಾಟಿದ ಮೇಲೆ ಸ್ವಲ್ಪ ಎತ್ತಿ ಕೊಡುತ್ತದೆ. ಚ, ತ, ಸಗಳ ಅಂಚು, ಒತ್ತಕ್ಷರಗಳ ಪೆಟ್ಟು ಹೆಚ್ಚಾಗಿ ಅಲ್ಲೇ ಇರುವುದರಿಂದ ಕನ್ನಡದ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ.

ಇದು ಮುಂದಿನ ದನಿ ಹಿಡಿದು ಹಿಂದಿನದನ್ನು ಬಿಡುವ ಮೈಕ್. ಹಾಗಾಗಿ ಹಾಡುವವರಿಗೆ ತಮ್ಮ ದನಿ ಕೇಳಿಸುವ ಮಾನಿಟರ್ ಬಾಕ್ಸನ್ನು ಮೈಕಿನ ಬಾಲದ ನೇರಕ್ಕೆ ಇಡಬೇಕು. ಟ್ರಾಲಿಯ ಮೇಲೆ ಹೆಚ್ಚಿನವರು ಎಡವುವುದು ಡ್ರಮ್ಸ್ ವಿಷಯದಲ್ಲಿ. ಮೈಕಿನ ಮುಖ ಹಾಡುವವರ ಕಡೆಗಿದೆ ಎಂದರೆ ಅವರ ಬೆನ್ನ ಹಿಂದಿನ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಕಡೆಗೂ ಇದೆ! ಡ್ರಮ್ಮರ್‌ನನ್ನು ಪಕ್ಕಕ್ಕೆ ಸರಿಸಿ. ತುಟಿಯಿಂದ ಎರಡು–ಮೂರು ಬೆರಳು ದೂರವಿರಲಿ. ದೂರ ಇಮ್ಮಡಿಯಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಗೇನ್ (ಮಿಕ್ಸರಿನಲ್ಲಿ ಮೈಕಿನ ಸಿಗ್ನಲ್ ಹಿಗ್ಗಿಸುವ ಮಟ್ಟ) ಏರಿಸಬೇಕಾಗುತ್ತದೆ, ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಅದು ಕೂಗಲು ಶುರುಮಾಡುತ್ತದೆ. ತೀರ ಹತ್ತಿರ ಹಿಡಿದರೆ ದನಿ ಗುಮ್ಮೆನ್ನುತ್ತದೆ. ಮಿಕ್ಸರಿನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ. ಜಾಲರಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಹಿಂದಿನ ದನಿಯನ್ನು ತಡೆಯುವ ಗುಣವೇ ಹೋಗುತ್ತದೆ.

ಘೋಷಣೆ ಕೂಗುವವರಿಗೆ ಬೇರೆ ಮೈಕ್, ಬೇರೆ ಗೇನ್ ಇರಲೇಬೇಕು. ಹಾಡುವವರ ಮೈಕನ್ನೇ ಕಿತ್ತುಕೊಂಡು ಸ್ಪೀಕರ್ ಮುಂದೆ ಹೋದರೆ ಇಡೀ ವೃತ್ತ ಕಿವಿ ಮುಚ್ಚಿಕೊಳ್ಳುತ್ತದೆ.

1990ರಲ್ಲಿ ಆಸ್ಟ್ರೇಲಿಯಾದ ಮಿಡ್‌ನೈಟ್ ಆಯಿಲ್ ತಂಡ, ಅಲಾಸ್ಕಾದ ತೈಲ ಸೋರಿಕೆ ವಿರೋಧಿಸಿ ನ್ಯೂಯಾರ್ಕಿನ ಎಕ್ಸಾನ್ ಕಚೇರಿ ಎದುರು ಲಾರಿಯ ಮೇಲೆ ನಿಂತು ನುಡಿಸಿತು. ಅದರ ಗಾಯಕ ಪೀಟರ್ ಗ್ಯಾರೆಟ್ 2004ರಲ್ಲಿ ಸಂಸದರಾದರು, 2007ರಲ್ಲಿ ಪರಿಸರ ಸಚಿವರಾದರು. ಅಂಥ ಬೀದಿಯಲ್ಲಿ ಮಾತು ತಿಳಿದರಷ್ಟೇ ಹಾಡು ಪ್ರತಿಭಟನೆಯಾಗುತ್ತದೆ.

ಕೊರತೆಗಳೂ ಇವೆ. ಈ ಮೈಕಿನ ಸಿಗ್ನಲ್ ಸಣ್ಣದು, ಅಗ್ಗದ ಮಿಕ್ಸರಿನಲ್ಲಿ ಗೇನ್ ಏರಿಸಿದರೆ ಸುಯ್ ಎನ್ನುತ್ತದೆ. ಮೈಕ್‌ಸೆಟ್ ಅಂಗಡಿಯ ಹಳೆ ಆಂಪ್ಲಿಫೈಯರಿಗೆ ಮೊನೊ ಜ್ಯಾಕ್ ವೈರಿನಿಂದ ಸೇರಿಸಿದರೆ ಉದ್ದ ಹೆಚ್ಚಾದಂತೆ ಜನರೇಟರಿನ ಹಮ್ ಸೇರುತ್ತದೆ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಇನ್‌ಪುಟ್ ಇರುವ ಮಿಕ್ಸರೇ ಬೇಕು. ಇನ್ನು ಕಂಬಕ್ಕೆ ಕಟ್ಟುವ ಹಾರ್ನ್ ಭಾಷಣಕ್ಕೆ ಸಾಕು, ಬೇಸ್ ಗಿಟಾರ್ ಅದರಲ್ಲಿ ಬರುವುದೇ ಇಲ್ಲ. ಅದನ್ನು ಯಾವ ಮೈಕೂ ಸರಿಪಡಿಸದು.

ನಕಲಿ ಮಾಲು ಬಹಳ. ಅಸಲಿ ಮೈಕ್ 298 ಗ್ರಾಂ. ತಕ್ಕಡಿಗೆ ಹಾಕಿ, ಹಗುರವಿದ್ದರೆ ಬಿಡಿ. ಸ್ವಿಚ್ ಇಲ್ಲದ್ದನ್ನೇ ಕೊಳ್ಳಿ, ನೂಕುನುಗ್ಗಲಿನಲ್ಲಿ ಆಫ್ ಆಗುವ ಭಯವಿರದು.

ನಮ್ಮ ಎರೆಮಣ್ಣಿನ ಧೂಳು ಜಾಲರಿಯೊಳಗಿನ ಸ್ಪಂಜಿನಲ್ಲಿ ಕೂತು ದನಿ ಮಂಕಾಗಿಸುತ್ತದೆ. ಜಾಲರಿ ತಿರುಗಿಸಿ ಬಿಚ್ಚಿ, ಅದನ್ನಷ್ಟೇ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆ ಹಾಕಿ.