ಮಿಲ್ಲಿನ ತೆಂಗಿನೆಣ್ಣೆ, ಅಂಗಡಿಯ ಪ್ಯಾಕೆಟ್ ಎಣ್ಣೆ: ಉಡುಪಿಯ ಒಂದು ಅಡುಗೆಮನೆಯ ವರ್ಷದ ಅನುಭವ

2025ರ ಜುಲೈಯಲ್ಲಿ ತೆಂಗಿನೆಣ್ಣೆಯ ಬೆಲೆ ಕಿಲೋಗೆ 400 ರೂಪಾಯಿ ದಾಟಿದಾಗ ನಮ್ಮ ನೆರೆಕರೆಯ ಹಲವು ಮನೆಗಳಲ್ಲಿ ಒಗ್ಗರಣೆಗೂ ಸೂರ್ಯಕಾಂತಿ ಎಣ್ಣೆಯೇ ಬಳಕೆಗೆ ಬಂದಿತು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿಯೇ ಹಿತ್ತಲಿನ ಕಾಯಿಗಳ ಕೊಬ್ಬರಿಯನ್ನು ಪರ್ಕಳದ ಆಚೆಗಿರುವ ಒಂದು ಸಣ್ಣ ಎಣ್ಣೆ ಮಿಲ್ಲಿಗೆ ಒಯ್ದು ಎಣ್ಣೆ ಮಾಡಿಸಿಕೊಂಡು ಬಂದಿದ್ದೆವು. ಆ ಮಿಲ್ಲಿನ ಕೆಲಸ ಹೇಗಿತ್ತು, ಅದರ ಜೊತೆಗೆ ನಾವು ಬಳಸಿದ ಪ್ಯಾಕೆಟ್ ಎಣ್ಣೆಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕುದಾಗಿತ್ತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಿಲ್ಲಿಗೆ ಹೋಗಲು ಕಾರಣ ಹಿಂದಿನ ವರ್ಷದ ಒಂದು ಕಹಿ ಅನುಭವ. ಅಂಗಡಿಯೊಂದರಲ್ಲಿ ಲೇಬಲ್ ಇಲ್ಲದ ಕ್ಯಾನಿನಿಂದ ಅಳೆದು ಕೊಡುತ್ತಿದ್ದ ತೆಂಗಿನೆಣ್ಣೆ ಉಳಿದ ಕಡೆಗಿಂತ ಅಗ್ಗವೆಂದು ಎರಡು ಕಿಲೋ ತಂದಿದ್ದೆ. ಬಂಗುಡೆ ಹುರಿದಾಗ ತೆಂಗಿನೆಣ್ಣೆಯ ಪರಿಮಳವೇ ಬರಲಿಲ್ಲ. ಸಂಶಯದಿಂದ ಒಂದು ಗಾಜಿನ ಲೋಟಕ್ಕೆ ಹೊಯ್ದು ಫ್ರಿಜ್ಜಿನಲ್ಲಿಟ್ಟೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವುದರಿಂದ ಲೋಟವಿಡೀ ಬೆಳ್ಳಗೆ ಹೆಪ್ಪುಗಟ್ಟಬೇಕಿತ್ತು. ಎರಡು ಗಂಟೆಯ ಬಳಿಕ ನೋಡಿದರೆ ಅಡಿಯ ಅರ್ಧ ಮಾತ್ರ ಬೆಳ್ಳಗಾಗಿ, ಮೇಲೆ ಎರಡು ಬೆರಳಿನಷ್ಟು ಹಳದಿ ಎಣ್ಣೆ ನೀರಿನಂತೆ ನಿಂತಿತ್ತು. ಪೂರ್ತಿ ಹೆಪ್ಪುಗಟ್ಟಿದ ಮಾತ್ರಕ್ಕೆ ಎಣ್ಣೆ ಶುದ್ಧವೆಂದು ಹೇಳಲಾಗದು, ಏಕೆಂದರೆ ತಾಳೆ ಬೀಜದ ಎಣ್ಣೆಯೂ ಹಾಗೆಯೇ ಹೆಪ್ಪುಗಟ್ಟುತ್ತದೆ. ಆದರೆ ಹೀಗೆ ಎರಡು ಪದರವಾದರೆ ಅದರಲ್ಲಿ ಬೇರೆ ಎಣ್ಣೆ ಸೇರಿದೆಯೆಂದೇ ತಿಳಿಯಬೇಕು. ಖಾದ್ಯ ತೈಲವನ್ನು ಹೀಗೆ ಬಿಡಿಯಾಗಿ ಮಾರುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳೇ ನಿಷೇಧಿಸಿವೆ ಎಂಬುದು ನನಗೆ ಆಮೇಲೆ ತಿಳಿಯಿತು.

ಇನ್ನು ಮಿಲ್ಲಿನ ವಿಷಯ. ಸುಮಾರು 130 ಕಾಯಿಗಳನ್ನು ಒಡೆದು ಅಂಗಳದಲ್ಲಿ ಒಣಗಿಸಿ ಮೊದಲ ಸಲ ಒಯ್ದಾಗ, ಮಿಲ್ಲಿನವರು ಚೀಲಕ್ಕೆ ಕೈಹಾಕಿ ಮೂರು ಹೋಳುಗಳನ್ನು ತೆಗೆದು ಮುರಿದು ನೋಡಿದರು. ಒಂದು ಟಕ್ಕೆಂದು ಮುರಿಯಿತು, ಎರಡು ಬಾಗಿದವು. "ಇದಕ್ಕೆ ಇನ್ನೆರಡು ಬಿಸಿಲು ಬೇಕಕ್ಕ, ಈಗ ಹಾಕಿದರೆ ಎಣ್ಣೆ ಮಳೆಗಾಲ ದಾಟಲಿಕ್ಕಿಲ್ಲ" ಎಂದು ಚೀಲವನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದರು. ಆಟೋ ಬಾಡಿಗೆ ದಂಡವಾಯಿತೆಂದು ಆಗ ಬೇಸರವಾಗಿತ್ತಾದರೂ, ಆ ಮಿಲ್ಲಿನ ಮೇಲೆ ನನಗೆ ನಂಬಿಕೆ ಬಂದದ್ದು ಅಂದೇ. ಕೊಬ್ಬರಿಯಲ್ಲಿ ತೇವಾಂಶ ಉಳಿದರೆ ಬೂಸ್ಟು ಹಿಡಿಯುತ್ತದೆ, ಎಣ್ಣೆ ಬೇಗ ಕಮಟಾಗುತ್ತದೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲೆಂದು ಕೊಬ್ಬರಿಗೆ ಗಂಧಕದ ಹೊಗೆ ಹಾಕುವ ರೂಢಿಯೂ ಇದೆ. ನಮ್ಮದೇ ಕೊಬ್ಬರಿಯಾದ್ದರಿಂದ ಆ ಚಿಂತೆಯಿರಲಿಲ್ಲ.

ಎರಡನೆಯ ಸಲ ಒಯ್ದ 20 ಕಿಲೋ ಕೊಬ್ಬರಿಗೆ 12 ಕಿಲೋ 400 ಗ್ರಾಂ ಎಣ್ಣೆ ಬಂದಿತು, ಅಂದರೆ ನೂರಕ್ಕೆ 62ರಷ್ಟು. ಚೆನ್ನಾಗಿ ಒಣಗಿದ ಕೊಬ್ಬರಿಯಿಂದ 60ರಿಂದ 65ರಷ್ಟು ನಿರೀಕ್ಷಿಸಬಹುದಾದ್ದರಿಂದ ಇದು ನ್ಯಾಯವಾದ ಇಳುವರಿಯೇ. ತೂಕವನ್ನು ನಮ್ಮ ಕಣ್ಣೆದುರಿಗೇ ಮಾಡಿದರು. ಹಿಂಡಿಯನ್ನು ಅಲ್ಲಿಯೇ ಬಿಟ್ಟದ್ದರಿಂದ ಕೂಲಿಯಲ್ಲಿ ಕಡಿತ ಸಿಕ್ಕಿತು. ಎಣ್ಣೆ ಬಿಸಿಯಾಗಿ, ಮಸುಕಾಗಿ ಬರುತ್ತದೆ. ಅದನ್ನು ಮನೆಯಲ್ಲಿ ಒಂದು ವಾರ ಅಲುಗಾಡಿಸದೆ ಇಟ್ಟು, ಮಡ್ಡಿ ತಳ ಸೇರಿದ ಮೇಲೆ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಸ್ಟೀಲಿನ ಡಬ್ಬಿಗಳಿಗೆ ತುಂಬಿಸಿದೆವು. ಹತ್ತು ತಿಂಗಳಾದರೂ ವಾಸನೆ ಕೆಟ್ಟಿಲ್ಲ. ಕೊರತೆಯೆಂದರೆ, ಯಂತ್ರದಲ್ಲಿ ಹಿಂದಿನವರ ಎಣ್ಣೆ ಸ್ವಲ್ಪ ಉಳಿದಿರುತ್ತದೆ; ಮೊದಲು ಬಂದ ಅರ್ಧ ಲೀಟರನ್ನು ಬೇರೆಯಾಗಿ ಹಿಡಿದುಕೊಡಿ ಎಂದು ನಾವೇ ಕೇಳಬೇಕಾಯಿತು. ಅದನ್ನು ದೇವರ ದೀಪಕ್ಕೆ ಬಳಸಿದೆವು.

ಹಿತ್ತಲಿನ ಕಾಯಿ ಎಂದ ಮಾತ್ರಕ್ಕೆ ಈ ಎಣ್ಣೆ ಪುಕ್ಕಟೆಯಲ್ಲ. ಆ ಕಾಯಿಗಳನ್ನೇ ಮಾರಿದ್ದರೆ ಕಿಲೋಗೆ 55 ರೂಪಾಯಿಯಂತೆ ಸುಮಾರು 65 ಕಿಲೋಗೆ 3,575 ರೂಪಾಯಿ ಬರುತ್ತಿತ್ತು. ಹಾಗೆ ನೋಡಿದರೆ ಕೂಲಿ ಸೇರಿಸುವ ಮೊದಲೇ ಎಣ್ಣೆಗೆ ಕಿಲೋಗೆ 288 ರೂಪಾಯಿ ಬಿದ್ದಂತಾಯಿತು, ಆಗಿನ ಅಂಗಡಿ ಬೆಲೆಗಿಂತ ಅದು ಹೆಚ್ಚೇನೂ ಕಡಿಮೆಯಲ್ಲ. ಲಾಭವಾದದ್ದು ಮುಂದೆ ಬೆಲೆ ಏರಿದ್ದರಿಂದ ಮತ್ತು ಎಣ್ಣೆ ಕೆಡದೆ ಉಳಿದದ್ದರಿಂದ.

ಅಷ್ಟು ಬೆಲೆಯ ಎಣ್ಣೆಯಲ್ಲಿ ಎಲ್ಲ ಅಡುಗೆಯನ್ನೂ ಮಾಡುವುದು ನಮ್ಮಂಥ ನಾಲ್ವರ ಸಂಸಾರಕ್ಕೆ ನಿಲುಕುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ನೂರಕ್ಕೆ 90ರಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ರಕ್ತದ ಕೊಲೆಸ್ಟ್ರಾಲನ್ನು ಏರಿಸುವ ಬಗೆಯದು. ನನ್ನ ಅತ್ತೆಯವರಿಗೆ ವೈದ್ಯರು ಅದನ್ನು ಮಿತವಾಗಿ ಬಳಸಲು ಹೇಳಿದ್ದಾರೆ. ಆದ್ದರಿಂದ ತೆಂಗಿನಕಾಯಿ ಅರೆದು ಮಾಡುವ ಗಸಿಯ ಬೆಳ್ಳುಳ್ಳಿ ಒಗ್ಗರಣೆ, ಮೀನು ಹುರಿಯುವ ಕಾವಲಿ, ಉಪ್ಪಡ್ ಪಚ್ಚಿಲಿನ (ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ) ಪಲ್ಯ ಇವಕ್ಕೆ ಮಾತ್ರ ತೆಂಗಿನೆಣ್ಣೆಯನ್ನು ಮೀಸಲಿಟ್ಟೆವು. ತಿಂಗಳಿಗೆ ಒಂದು ಕಿಲೋ ಸಾಕಾಗುತ್ತಿದೆ. ಈ ಮೂರರಲ್ಲಿ ಬೇರೆ ಯಾವ ಎಣ್ಣೆಯೂ ಆ ರುಚಿಯನ್ನು ಕೊಡಲಾರದು.

ಉಳಿದ ಪಲ್ಯ, ದೋಸೆ, ಹಪ್ಪಳಗಳಿಗೆ ಸೂರ್ಯಕಾಂತಿ ಮತ್ತು ಅಕ್ಕಿ ತೌಡಿನ ಎಣ್ಣೆಗಳನ್ನು ತಿಂಗಳು ಬಿಟ್ಟು ತಿಂಗಳು ತರುತ್ತೇವೆ. ಕೊಳ್ಳುವಾಗ ಪ್ಯಾಕೆಟ್ಟಿನ ಬೆಲೆಯನ್ನಲ್ಲ, ಗ್ರಾಂ ಲೆಕ್ಕವನ್ನು ನೋಡಬೇಕು. ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಂದೇ ಅಂಗಡಿಯ ಒಂದೇ ಸಾಲಿನಲ್ಲಿ 910 ಗ್ರಾಮಿನ ಪ್ಯಾಕೆಟ್ಟಿಗೆ 148 ರೂಪಾಯಿ, ಅದರ ಪಕ್ಕದಲ್ಲಿ ಅಷ್ಟೇ ಎತ್ತರ ಕಾಣುವ 850 ಗ್ರಾಮಿನದಕ್ಕೆ 142 ರೂಪಾಯಿ ಇತ್ತು. ಕಿಲೋ ಲೆಕ್ಕಕ್ಕೆ ತಂದರೆ ಮೊದಲನೆಯದು 163, ಅಗ್ಗವೆಂದು ಕಂಡದ್ದು 167. "ಕೊಲೆಸ್ಟ್ರಾಲ್ ಇಲ್ಲ" ಎಂಬ ಬರಹಕ್ಕಾಗಿಯೂ ಹೆಚ್ಚು ಹಣ ಕೊಡಬೇಕಾಗಿಲ್ಲ, ಸಸ್ಯಜನ್ಯವಾದ ಯಾವ ಎಣ್ಣೆಯಲ್ಲಿಯೂ ಅದು ಹೇಳುವಷ್ಟು ಇರುವುದಿಲ್ಲ. ನೆಲಗಡಲೆಯ ಚಿತ್ರವಿರುವ ಬಾಟಲಿಯ ಲೇಬಲನ್ನು ಪೂರ್ತಿ ಓದಿರಿ. ಮಿಶ್ರಣದ ಎಣ್ಣೆಗೆ ಕಾನೂನಿನ ಒಪ್ಪಿಗೆಯಿದೆ, ಆದರೆ ಯಾವ ಎಣ್ಣೆ ಎಷ್ಟು ಪಾಲು ಎಂಬುದು ಅಲ್ಲಿ ಬರೆದಿರಬೇಕು.

ಎಲ್ಲಕ್ಕಿಂತ ಅಗ್ಗದ್ದು ಪಾಮೋಲಿನ್, ಅಂದರೆ ತಾಳೆ ಎಣ್ಣೆಯ ತಿಳಿಭಾಗ. ಗೋಳಿಬಜೆ, ಬನ್ಸ್ ಕರಿಯುವ ಕಾವಿಗೆ ಅದು ಸೂರ್ಯಕಾಂತಿ ಎಣ್ಣೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ, ಇದನ್ನು ಒಪ್ಪಲೇಬೇಕು. ಆದರೆ ಅದರಲ್ಲಿಯೂ ಹತ್ತಿರಹತ್ತಿರ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು ಇರುವುದರಿಂದ, ಬೇಕರಿ ತಿನಿಸುಗಳಲ್ಲಿ ಹೇಗೂ ಹೊಟ್ಟೆಗೆ ಹೋಗುವುದನ್ನು ಮನೆಗೂ ತರುವುದು ಬೇಡವೆಂದು ನಾವು ಬಿಟ್ಟೆವು. ವನಸ್ಪತಿಯನ್ನು (ಡಾಲ್ಡಾದಂಥ ಗಟ್ಟಿ ಮಾಡಿದ ಎಣ್ಣೆಯನ್ನು) ತರುವುದೇ ಇಲ್ಲ; ಎಣ್ಣೆ ಮತ್ತು ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2022ರ ಜನವರಿಯಿಂದ ನೂರಕ್ಕೆ 2ಕ್ಕೆ ಇಳಿಸಿರುವುದು ಒಳ್ಳೆಯದೇ ಆದರೂ, ವನಸ್ಪತಿಯಿಲ್ಲದೆ ನಿಲ್ಲುವ ಅಡುಗೆ ನಮ್ಮಲ್ಲಿ ಯಾವುದೂ ಇಲ್ಲ. ತುಪ್ಪ ತಿಂಗಳಿಗೆ ಕಾಲು ಕಿಲೋ, ಅದೂ ಊಟದ ಎಲೆಗೆ ಮಾತ್ರ.

ಹಪ್ಪಳ ಕರಿಯಲು 200 ಮಿಲಿಲೀಟರ್ ಹಿಡಿಯುವ ಪುಟ್ಟ ಕಬ್ಬಿಣದ ಬಾಣಲೆಯೊಂದನ್ನು ಕೊಂಡದ್ದು ಈ ವರ್ಷದ ಅತ್ಯಂತ ಉಪಯುಕ್ತ ಖರ್ಚು. ಹಲಸಿನ ಹಪ್ಪಳಗಳನ್ನು ನಾಲ್ಕು ತುಂಡು ಮಾಡಿ ಕರಿಯುತ್ತೇವೆ. ಉಳಿದ ಎಣ್ಣೆ ಎರಡು ದಿನದ ಪಲ್ಯಕ್ಕೆ ಮುಗಿಯುವುದರಿಂದ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವ ಪ್ರಸಂಗವೇ ಬರುವುದಿಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬರಿಗೆ ಅವರ ಶ್ರಮಕ್ಕೆ ತಕ್ಕಂತೆ ದಿನಕ್ಕೆ 20ರಿಂದ 50 ಗ್ರಾಂ ಎಣ್ಣೆ ತುಪ್ಪ ಸಾಕೆನ್ನುತ್ತದೆ. ಎಲ್ಲ ಸೇರಿ ನಮ್ಮದು ಈಗ ತಿಂಗಳಿಗೆ ಮೂರು ಕಿಲೋ ಚಿಲ್ಲರೆ, ತಲೆಗೆ ದಿನಕ್ಕೆ 26 ಗ್ರಾಮಿನಷ್ಟು. ಡಬ್ಬಿಯಲ್ಲಿ ಇನ್ನು ಎರಡು ಕಿಲೋ ತೆಂಗಿನೆಣ್ಣೆ ಉಳಿದಿದೆ. ಈ ಏಪ್ರಿಲಿನಲ್ಲಿಯೂ ಅದೇ ಮಿಲ್ಲಿಗೆ ಹೋಗುವವರಿದ್ದೇವೆ, ಈ ಸಲ ಕೊಬ್ಬರಿಯನ್ನು ಮನೆಯಲ್ಲಿಯೇ ಮುರಿದು ನೋಡಿಕೊಂಡು.