ಟ್ಯೂನ್‌2ಎಫ್‌ಎಸ್: ಮದುವೆ ವಿಡಿಯೋ ಡಿಸ್ಕ್‌ಗಳಿಗೆ ನಾನು ನೆಚ್ಚಿಕೊಂಡ ಕಮಾಂಡ್

4 ಟಿಬಿ ಹಾರ್ಡ್‌ಡಿಸ್ಕ್ ತಂದು ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್‌ಸಿಸ್ಟಂಗೆ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಫಾರ್ಮ್ಯಾಟ್ ಮಾಡಿದರೆ ಅದರಲ್ಲಿ ಸುಮಾರು 200 ಜಿಬಿ ನಮ್ಮ ಬಳಕೆಗೆ ಸಿಗುವುದೇ ಇಲ್ಲ. ರೂಟ್ ಎಂಬ ಸಿಸ್ಟಂ ಅಡ್ಮಿನ್ ಖಾತೆಗೆಂದು ಶೇಕಡಾ 5ರಷ್ಟು ಜಾಗ ತಾನಾಗಿ ಮೀಸಲಾಗಿರುತ್ತದೆ. ಸಿಸ್ಟಂ ಇರುವ ಡಿಸ್ಕ್‌ಗೆ ಈ ಮೀಸಲು ಬೇಕೇ ಬೇಕು, ಡಿಸ್ಕ್ ತುಂಬಿದರೂ ಒಳಗಿನ ಕೆಲಸಗಳು ನಿಲ್ಲಬಾರದಲ್ಲ. ಬರೀ ವಿಡಿಯೋ ಇಡುವ ಡಿಸ್ಕ್‌ಗೆ ಅಷ್ಟೊಂದು ಯಾಕೆ? ಇಂಥ ಫೈಲ್‌ಸಿಸ್ಟಂನ ಸೆಟ್ಟಿಂಗ್ ಬದಲಿಸುವ ಟ್ಯೂನ್‌2ಎಫ್‌ಎಸ್ ಕಮಾಂಡ್‌ಗೆ ಮೈನಸ್ ಎಂ (ಸಣ್ಣಕ್ಷರ), ಮುಂದೆ 1 (ಅಂದರೆ ಶೇಕಡಾ 1) ಎಂದು ಕೊಟ್ಟರೆ ಕ್ಷಣದಲ್ಲಿ 160 ಜಿಬಿ ವಾಪಸ್. ಒಳಗಿನ ಫೈಲ್‌ಗಳಿಗೆ ಏನೂ ಆಗುವುದಿಲ್ಲ, ಮತ್ತೆ ಫಾರ್ಮ್ಯಾಟ್ ಮಾಡಬೇಕಾಗಿಯೂ ಇಲ್ಲ.

ವಿರಾಜಪೇಟೆಯಲ್ಲಿ ನನ್ನದು ಮದುವೆ ವಿಡಿಯೋ ಕೆಲಸ. ಎಡಿಟಿಂಗ್, ಬ್ಯಾಕಪ್ ಎಲ್ಲ ಲಿನಕ್ಸ್‌ನಲ್ಲೇ. ಈ ಕಮಾಂಡ್ ಅನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಥಿಯೋಡರ್ ಟ್ಸೋ ನೋಡಿಕೊಳ್ಳುವ ಇ2ಎಫ್‌ಎಸ್‌ಪ್ರಾಗ್ಸ್ ಪ್ಯಾಕೇಜಿನ ಜೊತೆ ಉಚಿತವಾಗಿ ಬರುತ್ತದೆ.

ಬಳಸುವ ಮೊದಲು ಡಿಸ್ಕ್ ಅನ್ನು ಅನ್‌ಮೌಂಟ್ ಮಾಡಿ, ಅಂದರೆ ಸಿಸ್ಟಂನ ಬಳಕೆಯಿಂದ ಬಿಡಿಸಿ. ಮೀಸಲು ಜಾಗ, ಲೇಬಲ್ ಇಂಥ ಸಣ್ಣ ಬದಲಾವಣೆ ಮೌಂಟ್ ಆಗಿದ್ದಾಗಲೂ ನಡೆಯುತ್ತದೆ, ನಿಜ. ಆದರೆ ಜರ್ನಲ್ (ಬದಲಾವಣೆಗಳನ್ನು ಮೊದಲು ಬರೆದಿಡುವ ದಾಖಲೆ) ತೆಗೆಯುವುದು, ಐನೋಡ್ (ಪ್ರತಿ ಫೈಲಿನ ವಿವರ ಇಡುವ ದಾಖಲೆ) ಗಾತ್ರ ಹೆಚ್ಚಿಸುವುದು ಬೇರೆಯೇ ಮಾತು. ಒಂದೇ ಪದ್ಧತಿ ಇಟ್ಟುಕೊಂಡರೆ ಯಾವುದಕ್ಕೆ ಯಾವ ನಿಯಮ ಎಂದು ನೆನಪಿಡುವ ಗೋಜಿಲ್ಲ. ನಾನು ಮೊದಲು ಎಲ್‌ಎಸ್‌ಬಿಎಲ್‌ಕೆ ಹಾಕಿ ಗಾತ್ರ, ಲೇಬಲ್ ನೋಡುತ್ತೇನೆ. ಆಮೇಲೆ ಯುಮೌಂಟ್, ಅದಾದ ಮೇಲೆ ಇ2ಎಫ್‌ಎಸ್‌ಸಿಕೆ ಮೈನಸ್ ಎಫ್ ಹಾಕಿ ಪೂರ್ತಿ ತಪಾಸಣೆ. 'ಟಾರ್ಗೆಟ್ ಈಸ್ ಬ್ಯುಸಿ' ಎಂದು ಬಂದರೆ ಎಲ್ಲೋ ಒಂದು ಟರ್ಮಿನಲ್ ಆ ಫೋಲ್ಡರಿನಲ್ಲೇ ಕೂತಿರುತ್ತದೆ, ಅದನ್ನು ಹುಡುಕಿ ಮುಚ್ಚಿ. ಬಲವಂತದ ಅನ್‌ಮೌಂಟ್ ಮಾತ್ರ ಬೇಡ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮೈನಸ್ ಇ (ಸಣ್ಣಕ್ಷರ). ಫೈಲ್‌ಸಿಸ್ಟಂನಲ್ಲಿ ದೋಷ ಕಂಡಾಗ ಏನು ಮಾಡಬೇಕೆಂದು ಇದರಲ್ಲಿ ಹೇಳಿಡಬಹುದು. ಸಾಮಾನ್ಯವಾಗಿ ಅದು 'ಕಂಟಿನ್ಯೂ' ಎಂದಿರುತ್ತದೆ, ಅಂದರೆ ದೋಷವಿದ್ದರೂ ಬರೆಯುತ್ತಲೇ ಹೋಗುತ್ತದೆ. ನಾನು 'ರಿಮೌಂಟ್-ಆರ್‌ಒ' ಮಾಡಿದ್ದೇನೆ. ದೋಷ ಕಂಡ ಕೂಡಲೇ ಡಿಸ್ಕ್ ಓದಲು ಮಾತ್ರ ಸಿಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಮಳೆ ಹೇಗೆ ಹೊಡೆಯುತ್ತದೆ, ಕರೆಂಟ್ ಹೇಗೆ ಹೋಗಿ ಬಂದು ಮಾಡುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಲೆನ್ಸ್‌ಗೆ ಫಂಗಸ್ ಹಿಡಿಯುವ ಆ ತೇವದಲ್ಲಿ ಯುಎಸ್‌ಬಿ ಕನೆಕ್ಟರ್‌ಗಳನ್ನೂ ನಂಬುವಂತಿಲ್ಲ. ಒಬ್ಬರ ಮನೆಯ ಮದುವೆ ಮತ್ತೊಮ್ಮೆ ನಡೆಯುವುದಿಲ್ಲ. ಹಾಳಾಗುತ್ತಿರುವ ಡಿಸ್ಕ್ ಮೇಲೆ ಇನ್ನಷ್ಟು ಬರೆಯುವುದಕ್ಕಿಂತ ಅಲ್ಲಿಗೇ ನಿಂತು ಇದ್ದದ್ದನ್ನು ಕಾಪಿ ಮಾಡಿಕೊಳ್ಳುವುದು ಎಷ್ಟೋ ಮೇಲು.

ಹಳೆಯ ಇಎಕ್ಸ್‌ಟಿ3 ಡಿಸ್ಕ್ ಇದ್ದವರು ಮೈನಸ್ ಎಲ್ (ಸಣ್ಣಕ್ಷರ) ಹಾಕಿ ಐನೋಡ್ ಗಾತ್ರ ನೋಡಿ. 128 ಬೈಟ್ ಇದ್ದರೆ ಫೈಲ್‌ಗಳ ದಿನಾಂಕ 2038ರ ಜನವರಿ ದಾಟುವುದಿಲ್ಲ. ಮೈನಸ್ ಐ (ದೊಡ್ಡಕ್ಷರ) 256 ಕೊಟ್ಟು ಸರಿಪಡಿಸಬಹುದು. ಬ್ಯಾಕಪ್ ಇಲ್ಲದೆ, ಯುಪಿಎಸ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ, ಮಳೆಗಾಲದಲ್ಲಂತೂ ಬೇಡವೇ ಬೇಡ. ಫ್ಲೆಕ್ಸ್‌ಬಿಜಿ ಎಂಬ ಫೈಲ್‌ಸಿಸ್ಟಂ ಸೌಲಭ್ಯ ಇರುವ ಡಿಸ್ಕ್‌ನಲ್ಲಿ ಇದು ನಡೆಯುವುದೂ ಇಲ್ಲ.

ಕೊರತೆಗಳೂ ಇವೆ. ಮೀಸಲು, ಲೇಬಲ್‌ನಂಥವನ್ನು ಬದಲಿಸುವಾಗ 'ಖಚಿತವೇ' ಎಂದು ಕೇಳುವುದಿಲ್ಲ. ಲಿನಕ್ಸ್ ಡಿಸ್ಕ್‌ಗೆ ಕೊಡುವ ಹೆಸರಿನಲ್ಲಿ ಎಸ್‌ಡಿಬಿ ಬದಲು ಎಸ್‌ಡಿಸಿ ಟೈಪ್ ಮಾಡಿದರೆ ಆ ಬೇರೆ ಡಿಸ್ಕ್‌ನ ಸೆಟ್ಟಿಂಗೇ ಬದಲಾಗುತ್ತದೆ. ಹಾಗಾಗಿ ಪ್ರತಿ ಡಿಸ್ಕ್‌ಗೂ ಲೇಬಲ್ ಕೊಡಿ, ಇಂಗ್ಲಿಷಿನ 16 ಅಕ್ಷರದವರೆಗೆ ಹಿಡಿಯುತ್ತದೆ. ಇಷ್ಟು ಸಲ ಮೌಂಟ್ ಆದ ಮೇಲೆ ತಪಾಸಣೆ ಆಗಲಿ ಎಂದು ಮೈನಸ್ ಸಿ (ಸಣ್ಣಕ್ಷರ) ಇಟ್ಟರೂ, ಕೈಯಾರೆ ಮೌಂಟ್ ಮಾಡುವ ಯುಎಸ್‌ಬಿ ಡಿಸ್ಕ್ ತಾನಾಗಿ ತಪಾಸಣೆಗೆ ಹೋಗುವುದಿಲ್ಲ. ಕರ್ನಲ್ ಲಾಗ್‌ನಲ್ಲಿ (ಸಿಸ್ಟಂನ ಒಳದಾಖಲೆ) ಒಂದು ಎಚ್ಚರಿಕೆಯ ಸಾಲು ಬರುತ್ತದೆ, ಅಷ್ಟೇ. ನಾನು ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಮುಗಿದು ಮದುವೆ ಕೆಲಸ ಜೋರಾಗುವ ಮೊದಲು ಎಲ್ಲ ಡಿಸ್ಕ್‌ಗಳನ್ನೂ ಕೈಯಾರೆ ತಪಾಸಣೆ ಮಾಡಿಬಿಡುತ್ತೇನೆ.

ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಡಿಸ್ಕ್‌ಗಳಿಗೆ ಇದು ಬಾರದು. 'ಬ್ಯಾಡ್ ಮ್ಯಾಜಿಕ್ ನಂಬರ್' ಎಂದು ಹೇಳಿ ಸುಮ್ಮನಾಗುತ್ತದೆ. ಗ್ರಾಹಕರಿಗೆ ಕೊಡುವ ಪೆನ್‌ಡ್ರೈವ್‌ಗಳೆಲ್ಲ ಎಕ್ಸ್‌ಫ್ಯಾಟ್ ಆದ್ದರಿಂದ ಅಲ್ಲಿ ಇದರ ಕೆಲಸವಿಲ್ಲ.